ಏಪ್ರಿಲ್‌ನಲ್ಲಿ ಕೊಡಗಿಗೆ ಬಂದರೆ ಮಕ್ಕಳಿಗೆ ಏನಿದೆ?

ಪ್ರಶ್ನೆ: ನಮಗೆ ಇಬ್ಬರು ಮಕ್ಕಳು. ಮಗಳಿಗೆ ಹನ್ನೊಂದು, ಮಗನಿಗೆ ಆರು. ಜೊತೆಗೆ ಅತ್ತೆ, ಮಾವ ಇದ್ದಾರೆ. ಪರೀಕ್ಷೆ ಮುಗಿದ ಮೇಲೆ ಮೂರು ದಿನ ಕೊಡಗಿಗೆ ಬರೋಣ ಅಂತಿದ್ದೇವೆ. ಆದರೆ ಕೇಳಿದವರೆಲ್ಲ, ‘ಬೇಸಿಗೆಯಲ್ಲಿ ಅಲ್ಲೇನಿದೆ? ಜಲಪಾತದಲ್ಲಿ ನೀರಿರಲ್ಲ, ಮಂಜೂ ಇರಲ್ಲ, ಸುಮ್ಮನೆ ದುಡ್ಡು ದಂಡ’ ಅಂತಾರೆ. ಇದು ನಿಜವೇ? ಮಕ್ಕಳಿಗೆ ಆಗ ಅಲ್ಲಿ ಏನಿರುತ್ತೆ?

ಉತ್ತರ: ಬೇಸಿಗೆ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಈ ಸಲ ಕೇಳಿದವರು ಮೈಸೂರಿನ ತಾಯಿಯೊಬ್ಬರು. ಮಕ್ಕಳು, ಹಿರಿಯರು ಎಲ್ಲರನ್ನೂ ಕರೆದುಕೊಂಡು ಹೊರಡುವ ಬೇರೆಯವರಿಗೂ ಇದೇ ಉತ್ತರ.

ನೀರಿನ ಮಾತು ನಿಜ. ಮಳೆಗಾಲದಲ್ಲಿ ಎದುರು ನಿಂತವರನ್ನು ತೋಯಿಸಿಬಿಡುವ ಅಬ್ಬಿ ಜಲಪಾತ ಏಪ್ರಿಲ್‌ನಲ್ಲಿ ಬಂಡೆಗೆ ಅಂಟಿದ ಬಿಳಿ ನೂಲಿನಂತಿರುತ್ತದೆ. ಮಡಿಕೇರಿ ಸುಮಾರು 1150 ಮೀಟರ್ ಎತ್ತರದಲ್ಲಿದ್ದರೂ ಮಧ್ಯಾಹ್ನದ ಬಿಸಿಲು ಬಿಸಿಲೇ. ಜಲಪಾತಕ್ಕಾಗಿಯೇ ಬರುವವರು ಮಳೆಯ ಅಬ್ಬರ ಇಳಿದ ಮೇಲೆ, ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್‌ನಲ್ಲೋ ಬರಲಿ.

ಆದರೆ ‘ಏನಿದೆ’ ಎಂದು ಕೇಳುವವರಿಗೆ ಇಲ್ಲಿಯವರ ಬೇಸಿಗೆ ಗೊತ್ತಿಲ್ಲ. ಕಾಫಿ ಕೊಯ್ಲು ಮುಗಿದಿರುತ್ತದೆ, ಮೆಣಸು ಮುಗಿಯುತ್ತಾ ಬಂದಿರುತ್ತದೆ, ಮಳೆ ಹಿಡಿಯಲು ಇನ್ನೂ ಸಮಯವಿರುತ್ತದೆ. ಹೊರಗೆ ಓದುವ ಮಕ್ಕಳು ಊರಿಗೆ ಬಂದಿರುತ್ತಾರೆ. ಸೇನೆಯಲ್ಲಿರುವವರು, ಬೆಂಗಳೂರಿನಲ್ಲಿ ಕೆಲಸ ಮಾಡುವವರು ರಜೆ ಉಳಿಸಿಟ್ಟುಕೊಂಡು ಇದೇ ಹೊತ್ತಿಗೆ ಬರುತ್ತಾರೆ. ಯಾಕೆಂದರೆ ಕೊಡಗಿನಲ್ಲಿ ಏಪ್ರಿಲ್ ಎಂದರೆ ಹಾಕಿ. ನೀವು ಮೂರು ದಿನ ಬರುವುದಾದರೆ ಅದರಲ್ಲಿ ಒಂದು ದಿನವನ್ನು ಕಣ್ಣುಮುಚ್ಚಿ ಕೊಡವ ಕುಟುಂಬಗಳ ಹಾಕಿ ಉತ್ಸವಕ್ಕೆ ಎತ್ತಿಡಿ.

ಕೊಡವರಲ್ಲಿ ಒಂದೇ ಮೂಲಪುರುಷನಿಂದ ಬಂದ ಮನೆತನಕ್ಕೆ ಒಕ್ಕ ಎನ್ನುತ್ತಾರೆ. ಒಕ್ಕದ ಹೆಸರು ವ್ಯಕ್ತಿಯ ಹೆಸರಿಗಿಂತ ಮೊದಲು ಬರುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇಬ್ಬರೂ ಕೊಡಂದೇರ ಒಕ್ಕದವರು. ಇಬ್ಬರ ಇನಿಷಿಯಲ್ ‘ಕೆ’ಯಿಂದ ಶುರುವಾಗುವುದು ಅದಕ್ಕೇ. ಈ ಉತ್ಸವದಲ್ಲಿ ಆಡುವುದು ಕ್ಲಬ್ಬುಗಳಲ್ಲ, ಊರುಗಳಲ್ಲ, ಒಕ್ಕಗಳು. ಅಣ್ಣತಮ್ಮಂದಿರು, ಚಿಕ್ಕಪ್ಪ, ದೊಡ್ಡಪ್ಪ, ಅವರ ಹೆಣ್ಣುಮಕ್ಕಳು, ಮೊಮ್ಮಕ್ಕಳು ಎಲ್ಲರೂ ಸೇರಿ ಒಂದು ತಂಡ. ವಯಸ್ಸಿನ ಗೆರೆಯಿಲ್ಲ, ಗಂಡು ಹೆಣ್ಣೆಂಬ ಗೆರೆಯೂ ಇಲ್ಲ.

ಇದನ್ನು ಶುರುಮಾಡಿದವರು ಪಾಂಡಂಡ ಕುಟ್ಟಪ್ಪ, ನಿವೃತ್ತ ಬ್ಯಾಂಕ್ ಅಧಿಕಾರಿ. ಕೆಲಸ, ಓದು ಎಂದು ಚೆದುರಿಹೋದ ಒಕ್ಕದವರು ವರ್ಷಕ್ಕೊಮ್ಮೆಯಾದರೂ ಒಂದೆಡೆ ಸೇರಬೇಕು ಎನ್ನುವುದು ಅವರ ಆಸೆ. 1997ರಲ್ಲಿ ವಿರಾಜಪೇಟೆ ಬಳಿಯ ಕರಡದಲ್ಲಿ ಮೊದಲ ಉತ್ಸವ ನಡೆದಾಗ ಬಂದದ್ದು 60 ತಂಡ. ಆಮೇಲೆ ಪ್ರತಿ ವರ್ಷ ಒಂದೊಂದು ಒಕ್ಕ ಹೊಣೆ ಹೊರುತ್ತಾ ಬಂತು. ಆ ವರ್ಷದ ಕಪ್ಪಿಗೆ ಆ ಒಕ್ಕದ್ದೇ ಹೆಸರು. 2018ರ ಭೂಕುಸಿತ, ಬಳಿಕ ಕೊರೋನಾ ಎಂದು ನಾಲ್ಕು ವರ್ಷ ಮೈದಾನ ಖಾಲಿ ಬಿತ್ತು. 2023ರಲ್ಲಿ ಅಪ್ಪಚೆಟ್ಟೋಳಂಡ ಒಕ್ಕದವರು ನಾಪೋಕ್ಲಿನಲ್ಲಿ ಮತ್ತೆ ನಡೆಸಿದಾಗ ಜನ ಹಬ್ಬಕ್ಕೆ ಬಂದಂತೆ ಬಂದರು. ಮರುವರ್ಷ ಅದೇ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಒಕ್ಕದ ಉತ್ಸವಕ್ಕೆ 360 ತಂಡಗಳು ಬಂದು ಗಿನ್ನೆಸ್ ದಾಖಲೆಯೂ ಆಯಿತು. ಒಂದು ಪುಟ್ಟ ಜಿಲ್ಲೆಯ ಒಂದೇ ಸಮುದಾಯದಿಂದ 360 ತಂಡ!

ನಾಪೋಕ್ಲಿನ ಚೆರಿಯಪರಂಬು ಮೈದಾನದಲ್ಲಿ ನಾನು ಕಂಡ ಒಂದು ಪಂದ್ಯ ಹೇಳುತ್ತೇನೆ. ಮೊದಲ ಸುತ್ತು, ಬೆಳಗ್ಗೆಯ ಪಂದ್ಯ, ಗ್ಯಾಲರಿಯಲ್ಲಿ ಇನ್ನೂ ಜನ ತುಂಬಿರಲಿಲ್ಲ. ಒಂದು ತಂಡದಲ್ಲಿ ಹತ್ತು ವರ್ಷದ ಹುಡುಗನೊಬ್ಬ ಬಲಬದಿಗೆ ನಿಂತಿದ್ದ. ಜೆರ್ಸಿ ಮೊಣಕಾಲಿಗೆ ಬರುತ್ತಿತ್ತು. ಯಾರೋ ದೊಡ್ಡವರಿಗೆ ಹೊಲಿಸಿದ್ದಿರಬೇಕು. ಎದುರಿಗಿದ್ದವನು ಆರಡಿಯ ಆಳು, ಮಿಲಿಟರಿ ಕ್ರಾಪು. ಚೆಂಡು ಉರುಳಿಕೊಂಡು ಹುಡುಗನ ಸ್ಟಿಕ್ಕಿಗೆ ಬಂತು. ಆ ಆಳು ಓಡುತ್ತಿದ್ದವನು ಎರಡು ಹೆಜ್ಜೆ ನಿಧಾನಿಸಿದ, ಆದರೆ ದಾರಿ ಬಿಡಲಿಲ್ಲ. ಹುಡುಗ ತಲೆ ಎತ್ತಿ ನೋಡಿ ಚೆಂಡನ್ನು ಒಳಗಡೆ ಓಡಿಬರುತ್ತಿದ್ದ ಹೆಂಗಸೊಬ್ಬರಿಗೆ ತಳ್ಳಿದ. ನಲವತ್ತು ದಾಟಿದವರು, ಕೂದಲನ್ನು ಬಿಗಿಯಾಗಿ ಗಂಟು ಹಾಕಿದ್ದರು. ಅವರು ಹೊಡೆದದ್ದು ಕಂಬದ ಪಕ್ಕಕ್ಕೆ ಹೋಯಿತು, ಗೋಲು ಆಗಲಿಲ್ಲ. ಇದ್ದಷ್ಟು ಜನ ಎದ್ದು ಚಪ್ಪಾಳೆ ತಟ್ಟಿದರು. ವೀಕ್ಷಕ ವಿವರಣೆ ಕೊಡುತ್ತಿದ್ದವರು ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ಆ ಹುಡುಗ ಯಾರ ಮಗ, ಯಾರ ಮೊಮ್ಮಗ, ಅವನ ಅಜ್ಜಿಯ ತವರು ಯಾವುದು ಎಂದು ಮೈಕಿನಲ್ಲಿ ಹೇಳುತ್ತಾ ಹೋದರು. ಹುಡುಗ ಮಾತ್ರ ಏನೂ ಆಗದವನಂತೆ ಜೆರ್ಸಿ ಮೇಲೆತ್ತಿ ಮುಖ ಒರೆಸಿಕೊಳ್ಳುತ್ತಿದ್ದ.

ನಿಮ್ಮ ಮಕ್ಕಳು ಇದನ್ನು ನೋಡಬೇಕು ಎಂದು ನನಗೆ ಮನಸಾರೆ ಅನ್ನಿಸುತ್ತದೆ. ಟೀವಿಯ ಆಟದಲ್ಲಿ ಆಡುವವರು ಬೇರೆ, ನೋಡುವವರು ಬೇರೆ. ಇಲ್ಲಿ ಬೆಳಗ್ಗೆ ಆಡಿದವರು ಮಧ್ಯಾಹ್ನ ನಿಮ್ಮ ಪಕ್ಕದಲ್ಲೇ ಕಡಲೆಕಾಯಿ ತಿನ್ನುತ್ತಾ ಕೂತಿರುತ್ತಾರೆ. ಅಂಥವರಲ್ಲಿ ಭಾರತಕ್ಕೆ ಆಡಿದವರೂ ಇರುತ್ತಾರೆ. ಮೊಳ್ಳೇರ ಗಣೇಶ್, ಮಾಸ್ಕೋ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಮನೆಯಪಂಡ ಸೋಮಯ್ಯ, ಗೋಲ್‌ಕೀಪರ್ ಸುಬ್ಬಯ್ಯ ಇವರೆಲ್ಲ ಈ ನೆಲದ ಮಕ್ಕಳು. ದೊಡ್ಡ ಪಂದ್ಯಗಳು ಈಗ ಸಿಂಥೆಟಿಕ್ ಟರ್ಫಿನ ಮೇಲೆ. ಇಲ್ಲಿ ಮಾತ್ರ ಮಣ್ಣು, ಹುಲ್ಲು. ಚೆಂಡು ಎಲ್ಲಿ ಪುಟಿಯುತ್ತದೋ ಆಡುವವನಿಗೂ ಗೊತ್ತಿರುವುದಿಲ್ಲ. ಆರು ವರ್ಷದವನಿಗೆ ಅದೇ ಖುಷಿ ಕೊಡುತ್ತದೆ.

ಯಾವಾಗ, ಎಲ್ಲಿ ಎನ್ನುವುದು ವರ್ಷ ವರ್ಷ ಬದಲಾಗುತ್ತದೆ. ಸಾಮಾನ್ಯವಾಗಿ ಮಾರ್ಚ್ ಕೊನೆಯಿಂದ ಮೇವರೆಗಿನ ಅವಧಿಯಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ. ನೀವು ಇಳಿದುಕೊಳ್ಳುವ ಹೋಂಸ್ಟೇಯವರನ್ನು ‘ಈ ಸಲ ಹಾಕಿ ನಮ್ಮೆ ಯಾವ ಒಕ್ಕದ್ದು, ಯಾವ ಮೈದಾನ’ ಎಂದು ಕೇಳಿ. ನಮ್ಮೆ ಎಂದರೆ ಕೊಡವ ತಕ್ಕ್‌ನಲ್ಲಿ ಹಬ್ಬ. ಮಕ್ಕಳಿದ್ದರೆ ಫೈನಲ್ಲಿಗಿಂತ ಮೊದಲ ವಾರಗಳೇ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಫೈನಲ್ ದಿನ ಕುಪ್ಯಚೇಲೆ (ನಿಲುವಂಗಿ, ಸೊಂಟಪಟ್ಟಿಯ ಕೊಡವ ಉಡುಪು) ತೊಟ್ಟ ಗಂಡಸರು, ಕೊಡವ ಶೈಲಿಯಲ್ಲಿ ಹಿಂದಕ್ಕೆ ನೆರಿಗೆ ಉಟ್ಟ ಹೆಂಗಸರು, ವಾಲಗ, ಕೊಂಬು, ಗಾಳಿಯಲ್ಲಿ ಗುಂಡು ಹಾರಿಸುವುದು ಎಲ್ಲ ಇರುತ್ತದೆ, ನೋಡಲು ಕಣ್ಣು ಸಾಲದು. ಆದರೆ ಸಾವಿರಾರು ಜನರ ನೂಕುನುಗ್ಗಲು, ಗಾಡಿ ನಿಲ್ಲಿಸಲು ಜಾಗವಿಲ್ಲ, ಗುಂಡಿನ ಸದ್ದಿಗೆ ಚಿಕ್ಕ ಮಕ್ಕಳು ಬೆಚ್ಚಿಬೀಳುತ್ತಾರೆ. ಮೊದಲ ಸುತ್ತುಗಳಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಪಂದ್ಯದ ಮೇಲೆ ಪಂದ್ಯ, ಬೇಕಾದಲ್ಲಿ ಕೂರಬಹುದು. ಗ್ಯಾಲರಿ ತಾತ್ಕಾಲಿಕವಾಗಿ ಕಟ್ಟಿದ್ದು. ಅತ್ತೆ ಮಾವನವರನ್ನು ಕೆಳಗಿನ ಸಾಲಿನಲ್ಲೇ ಕೂರಿಸಿ. ಟೊಪ್ಪಿ, ನೀರು, ಒಂದು ಕೊಡೆ ಕೈಯಲ್ಲಿರಲಿ.

ಹಾಕಿ ಕೊಡವರದ್ದಾದರೆ, ಅರೆಭಾಷೆ ಮಾತಾಡುವ ಗೌಡ ಕುಟುಂಬಗಳು ಇದೇ ಬೇಸಿಗೆಯಲ್ಲಿ ತಮ್ಮದೇ ಕುಟುಂಬ ಕ್ರಿಕೆಟ್ ನಡೆಸುತ್ತವೆ. ಜಿಲ್ಲೆಯ ಬೇರೆ ಸಮುದಾಯಗಳಲ್ಲೂ ಮನೆತನದ ಹೆಸರಲ್ಲಿ ತಂಡ ಕಟ್ಟಿ ಆಡುವ ರೂಢಿ ಬೆಳೆದಿದೆ. ಹಾಗಾಗಿ ಹಾಕಿ ತಪ್ಪಿದರೂ ಯಾವುದಾದರೊಂದು ಮೈದಾನದಲ್ಲಿ ಶಾಮಿಯಾನ ಕಂಡೇ ಕಾಣುತ್ತದೆ. ಕಂಡರೆ ಗಾಡಿ ನಿಲ್ಲಿಸಿ.

ಇನ್ನು ಉಳಿದೆರಡು ದಿನ. ಮಲೆನಾಡಿನ ಬೇಸಿಗೆಗೆ ಒಂದು ಲಯವಿದೆ: ಬೆಳಗ್ಗೆ ತಿಳಿ ಆಕಾಶ, ಮಧ್ಯಾಹ್ನ ಸೆಕೆ, ಮೂರು ನಾಲ್ಕು ಗಂಟೆಗೆ ಎಷ್ಟೋ ದಿನ ಗುಡುಗು ಮಳೆ. ಬಯಲಲ್ಲಿ ಮಾಡುವುದನ್ನೆಲ್ಲ ಬೆಳಗ್ಗೆ ಇಟ್ಟುಕೊಳ್ಳಿ. ಕುಶಾಲನಗರದ ಕಡೆಯಿಂದ ಬರುವವರಾದ್ದರಿಂದ ಮೊದಲು ದುಬಾರೆ ಆನೆ ಶಿಬಿರ. ಬೆಳಗ್ಗೆ ಕಾವೇರಿಯಲ್ಲಿ ಆನೆಗಳಿಗೆ ಸ್ನಾನ ಮಾಡಿಸುತ್ತಾರೆ. ಮಾವುತರು ಕಿವಿಯ ಹಿಂದೆ ಉಜ್ಜುವಾಗ ಆನೆ ಕಣ್ಣು ಅರೆಮುಚ್ಚಿ ಮಲಗುವುದನ್ನು ಮಕ್ಕಳು ಮರೆಯುವುದಿಲ್ಲ. ತಡವಾಗಿ ಹೋದರೆ ಅದು ಮುಗಿದಿರುತ್ತದೆ. ಬಿಳಿ ನೀರಿನ ರ‍್ಯಾಫ್ಟಿಂಗ್ ಮಳೆಗಾಲದ ಆಟ, ಬೇಸಿಗೆಗೆ ಅದನ್ನು ನೆಚ್ಚಿಕೊಳ್ಳಬೇಡಿ. ಪಕ್ಕದ ಕಾವೇರಿ ನಿಸರ್ಗಧಾಮದ ತೂಗುಸೇತುವೆ, ಬಿದಿರ ಮೆಳೆ ಸಣ್ಣವನಿಗೆ ಸಾಕು. ಬೈಲುಕುಪ್ಪೆಯ ಟಿಬೆಟನ್ ಸ್ವರ್ಣಮಂದಿರ ಅಲ್ಲೇ ಹತ್ತಿರ, ಮಧ್ಯಾಹ್ನದ ಬಿಸಿಲಿಗೆ ತಣ್ಣಗಿನ ಜಾಗ.

ಮಡಿಕೇರಿಯಲ್ಲಿ ರಾಜಾಸೀಟಿಗೆ ಎಲ್ಲರೂ ಹೋಗುತ್ತಾರೆ, ನೀವೂ ಹೋಗುತ್ತೀರಿ. ನಾನು ಹೇಳುವುದು ಕೋಟೆಗೂ ಹೋಗಿ ಎಂದು. ಅಂಗಳದಲ್ಲಿ ಜೀವಗಾತ್ರದ ಎರಡು ಗಾರೆಯ ಆನೆಗಳಿವೆ. ರಾಜ ಸಿಟ್ಟಿನಲ್ಲಿ ಕೊಲ್ಲಿಸಿದ ಆನೆಗಳ ನೆನಪಿಗೆ ಕಟ್ಟಿಸಿದ್ದು ಎಂದು ಹೇಳಿಕೆ. ಬೆಳಗ್ಗೆ ದುಬಾರೆಯಲ್ಲಿ ಜೀವಂತ ಆನೆ ನೋಡಿ ಬಂದ ಮಕ್ಕಳು ಈ ಕಥೆ ಕೇಳಿ ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡುವುದು ಕಷ್ಟ. ಮಳೆ ಹನಿಯತೊಡಗಿದರೆ ಕೋಟೆಯೊಳಗಿನ ಹಳೆಯ ಚರ್ಚಿನಲ್ಲಿರುವ ವಸ್ತುಸಂಗ್ರಹಾಲಯ ಇದೆ. ಜನರಲ್ ತಿಮ್ಮಯ್ಯನವರ ಹುಟ್ಟಿದ ಮನೆ ‘ಸನ್ನಿಸೈಡ್’ 2021ರಿಂದ ಮ್ಯೂಸಿಯಂ ಆಗಿದೆ. ಹಾಕಿ ಮೈದಾನದಲ್ಲಿ ಒಕ್ಕದ ಹೆಸರುಗಳನ್ನು ಕೇಳಿ ಬಂದ ನಿಮ್ಮ ಮಗಳಿಗೆ ಅಲ್ಲಿ ಕೊಡಂದೇರ ಎಂಬ ಹೆಸರು ಮತ್ತೆ ಸಿಗುತ್ತದೆ.

ತೋಟದಲ್ಲಿ ಉಳಿದುಕೊಂಡರೆ ಮಕ್ಕಳನ್ನು ಕಣಕ್ಕೆ ಕರೆದುಕೊಂಡು ಹೋಗಿ. ಕೊಯ್ದ ಹಸಿರು ಮೆಣಸನ್ನು ಗೊಂಚಲಿನಿಂದ ಬಿಡಿಸಿ ಬಿಸಿಲಿಗೆ ಹರಡಿರುತ್ತಾರೆ. ಮೊದಲ ದಿನ ಹಸಿರು, ಮಾರನೆಯ ದಿನ ಕಂದು, ಆಮೇಲೆ ಸುಕ್ಕುಗಟ್ಟಿ ಕಪ್ಪು. ಮೂರು ದಿನ ಇರುವವರಿಗೆ ಈ ಬದಲಾವಣೆ ಕಣ್ಣೆದುರೇ ಆಗುತ್ತದೆ. ಬರಿಗಾಲಲ್ಲಿ ಕಾಳು ಕೆದಕಲು ಮಗನಿಗೆ ಬಿಡಿ, ಕೈಯನ್ನು ಕಣ್ಣಿಗೆ ಒರೆಸಿಕೊಳ್ಳದಂತೆ ಮಾತ್ರ ನೋಡಿಕೊಳ್ಳಿ. ಮಾರ್ಚ್‌ನಲ್ಲೇ ಬರಲು ಸಾಧ್ಯವಾದರೆ, ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಅರಳುತ್ತದೆ. ಗುಡ್ಡಕ್ಕೆ ಗುಡ್ಡವೇ ಬೆಳ್ಳಗೆ, ಮಲ್ಲಿಗೆಯಂಥ ಪರಿಮಳ. ಆದರೆ ಮೂರು ನಾಲ್ಕು ದಿನದಲ್ಲಿ ಬಾಡುತ್ತದೆ, ಮೊದಲೇ ದಿನ ಗೊತ್ತುಮಾಡಿಕೊಂಡು ಬರುವಂಥದ್ದಲ್ಲ. ಊಟಕ್ಕೆ ಕಾಡುಮಾವಿನ ಸಾರು ಮಾಡಿಕೊಡುತ್ತೀರಾ ಎಂದು ಮನೆಯವರನ್ನು ಕೇಳಿ. ಬೆಲ್ಲ, ಹುಳಿ, ಖಾರ ಸೇರಿದ ಆ ರಸಕ್ಕೆ ನೂಲ್‌ಪುಟ್ಟು (ಅಕ್ಕಿ ಶಾವಿಗೆ) ಜೊತೆಯಾದರೆ ಮಕ್ಕಳು ಬೇಡ ಎನ್ನುವುದಿಲ್ಲ. ಅದು ಬೇಸಿಗೆಯಲ್ಲಿ ಮಾತ್ರ ಸಿಗುವ ರುಚಿ.

ಎರಡು ವಿಷಯ ಗಟ್ಟಿಯಾಗಿ ಹೇಳಬೇಕು. ಬೇಸಿಗೆಯ ನದಿ ನೋಡಲು ಸಾಧು. ಮೊಣಕಾಲುದ್ದ ನೀರು, ಪಕ್ಕದಲ್ಲೇ ಬಂಡೆಯ ಸಂದಿನಲ್ಲಿ ಆಳು ಮುಳುಗುವ ಗುಂಡಿ. ರಜೆಗೆ ಬಂದವರು ನೀರಿಗಿಳಿದು ಹಿಂದಿರುಗದ ಸುದ್ದಿ ಇಲ್ಲಿ ಪ್ರತಿ ಬೇಸಿಗೆಯೂ ಕೇಳುತ್ತೇವೆ. ಎಚ್ಚರಿಕೆಯ ಫಲಕ ಇಲ್ಲದ ಕಡೆಯೂ ಇಳಿಯಬೇಡಿ. ಇನ್ನೊಂದು, ಹಲಸು. ಹಣ್ಣಾಗತೊಡಗಿದರೆ ಆ ವಾಸನೆಗೆ ಕಾಡಾನೆಗಳು ತೋಟಕ್ಕೆ ಬರುತ್ತವೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ತೋಟದ ದಾರಿಯಲ್ಲಿ ವಾಕಿಂಗ್ ಬೇಡ. ಮನೆಯವರು ‘ಇವತ್ತು ಬೇಡ’ ಎಂದರೆ ಬೇಡ. ನಾಗರಹೊಳೆಯ ಸಫಾರಿಗೆ ಆಸೆಯಿದ್ದರೆ, ನಡೆಯುತ್ತಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಪ್ರವಾಸ ಮೇ ಕೊನೆಗೆ ಹೋದರೆ ಗೋಣಿಕೊಪ್ಪದ ಸುತ್ತಮುತ್ತ ವೇಷ ಹಾಕಿದವರು ಗಾಡಿ ಅಡ್ಡಗಟ್ಟಿ ಬಾಯಿಗೆ ಬಂದಂತೆ ಬೈದು ಕಾಸು ಕೇಳಬಹುದು. ಹೆದರಬೇಡಿ, ಅದು ಕುಂಡೆ ಹಬ್ಬ. ಜೇನುಕುರುಬರು, ಯರವರು ದೇವರಪುರದ ದೇವರನ್ನೇ ಬೈದು ಕೊನೆಗೆ ತಪ್ಪೊಪ್ಪಿಕೊಳ್ಳುವ ಹಬ್ಬ. ಕಾಡಿನವರ ನಂಬಿಕೆ ಅದರಲ್ಲಿದೆ, ಗೌರವದಿಂದ ಕಾಣಬೇಕಾದದ್ದು. ಮಾತುಗಳು ಮಾತ್ರ ಹನ್ನೊಂದು ವರ್ಷದವಳ ಕಿವಿಗೆ ಬೀಳುವಂಥವಲ್ಲ. ಆ ಎರಡು ದಿನ ದಕ್ಷಿಣ ಕೊಡಗು ಬಿಟ್ಟು ಮಡಿಕೇರಿ ಕಡೆಗೆ ಇರಿ.

ಇನ್ನೊಂದು ಪ್ರಶ್ನೆ ನೀವು ಕೇಳಿಲ್ಲ, ನಿಮ್ಮ ಮಗಳು ಕೇಳುತ್ತಾಳೆ: ‘ನಾನೂ ಆಡಬಹುದಾ?’ ಉತ್ಸವದ ತಂಡದಲ್ಲಿ ಒಕ್ಕದವರಲ್ಲದೆ ಬೇರೆಯವರು ಆಡುವಂತಿಲ್ಲ. ಆದರೆ ಮೈದಾನದ ಆಚೆ ಬದಿ, ಗೋಲುಕಂಬದ ಹಿಂದೆ, ಎರಡು ಚಪ್ಪಲಿ ಇಟ್ಟು ಗೋಲು ಮಾಡಿಕೊಂಡು, ಟೇಪು ಸುತ್ತಿದ ಮುರುಕು ಸ್ಟಿಕ್ಕುಗಳಲ್ಲಿ ಆಡುವ ಮಕ್ಕಳ ಗುಂಪು ಇದ್ದೇ ಇರುತ್ತದೆ. ಅವಳನ್ನು ಅಲ್ಲಿಗೆ ಕಳಿಸಿ. ಅಲ್ಲಿ ಯಾರೂ ಒಕ್ಕ ಕೇಳುವುದಿಲ್ಲ. ಒಬ್ಬ ಕಡಿಮೆಯಿದ್ದಾನೆ, ಬಾ ಅಂತಾರೆ.