ಸಂಸ್ಕರಣೆ ಅಂದರೆ ಶುದ್ಧೀಕರಣ ಅಲ್ಲ

ಒಂದೇ ಸುದ್ದಿ. ತಲೆಬರಹದಲ್ಲಿ ‘ಕೊಳಚೆ ನೀರು ಶುದ್ಧೀಕರಣ ಘಟಕ’, ಒಳಗೆ ‘ತ್ಯಾಜ್ಯನೀರು ಸಂಸ್ಕರಣಾ ಘಟಕ’, ಕೊನೆಯ ಸಾಲಲ್ಲಿ ‘ಈ ಶುದ್ಧ ನೀರನ್ನು ಕೆರೆಗೆ ಬಿಡಲಾಗುವುದು’. ಮೂರೂ ಒಂದೇ ಅಂದುಕೊಂಡು ಬರೆದದ್ದು. ಓದುವವರಿಗೂ ಅಭ್ಯಾಸ ಆಗಿಹೋಗಿದೆ. ಆದರೆ ಕೊನೆಯ ಸಾಲು ಸುಳ್ಳು.

‘ಸಂಸ್ಕರಣೆ’ ಪದವನ್ನೇ ನೋಡಿ. ಸಂ ಮತ್ತು ಕೃ ಸೇರಿ ಆದದ್ದು, ನಡುವೆ ಒಂದು ‘ಸ್’ ಬಂದು ಕೂತಿದೆ. ಸಂಸ್ಕಾರ, ಸಂಸ್ಕೃತಿ ಎಲ್ಲ ಇದೇ ಮನೆಯವು. ಒಂದು ವಸ್ತುವನ್ನು ಹದ ಮಾಡಿ ಮುಂದಿನ ಬಳಕೆಗೆ ಅಣಿ ಮಾಡುವುದು ಅಂತ ಅರ್ಥ. ಮಂಗಳೂರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗೇರುಬೀಜ ಸಂಸ್ಕರಣೆ, ಮೀನು ಸಂಸ್ಕರಣೆ ಅಂತ ದಿನಾ ಹೇಳುತ್ತೇವೆ. ‘ಶುದ್ಧೀಕರಿಸಿದ ಗೇರುಬೀಜ’ ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಸಂಸ್ಕರಣೆ ಅಂದ ಕೂಡಲೇ ‘ಯಾವ ಕೆಲಸಕ್ಕೆ?’ ಅನ್ನುವ ಪ್ರಶ್ನೆ ಹುಟ್ಟಬೇಕು. ಶುದ್ಧ ಅಂದುಬಿಟ್ಟರೆ ಆ ಪ್ರಶ್ನೆಯೇ ಸತ್ತುಹೋಗುತ್ತದೆ.

‘ಕೊಳಚೆ’ಯ ಬೇರು ಕೊಳೆ. ಅಡಿಕೆಗೆ ಬರುವ ಕೊಳೆರೋಗದ ಕೊಳೆಯೇ. ತಮಾಷೆ ಅಂದರೆ, ಎಸ್‌ಟಿಪಿಯಲ್ಲಿ, ಅಂದರೆ ಈ ಕೊಳಚೆ ನೀರಿನ ಘಟಕದಲ್ಲಿ, ಆಗುವುದೂ ಕೊಳೆಯಿಸುವ ಕೆಲಸವೇ. ಟ್ಯಾಂಕಿಗೆ ಗಾಳಿ ಊದಿ ಬ್ಯಾಕ್ಟೀರಿಯಾ ಸಾಕುತ್ತಾರೆ, ಅವು ಕೊಳೆಯನ್ನು ತಿಂದು ಮುಗಿಸುತ್ತವೆ. ಅದೇ ಕೆಲಸ ಕೆರೆಯಲ್ಲಿ ಆದರೆ ನೀರಿನ ಆಮ್ಲಜನಕ ಖರ್ಚಾಗಿ ಮೀನು ಸಾಯುತ್ತವೆ. ಬಿಒಡಿ ಅಂತ ಅಳೆಯುವುದು ಈ ಖರ್ಚನ್ನೇ. ಕಚ್ಚಾ ಕೊಳಚೆಯಲ್ಲಿ ಅದು ಸಾಮಾನ್ಯವಾಗಿ ಲೀಟರಿಗೆ 200-300 ಮಿಲಿಗ್ರಾಂ ಇರುತ್ತದೆ. ಘಟಕ ಸರಿಯಾಗಿ ನಡೆದರೆ 20ಕ್ಕಿಂತ ಕೆಳಗೆ ಇಳಿಯುತ್ತದೆ.

ಘಟಕ ನೋಡಿಕೊಳ್ಳುವವರು ಗಾಳಿ ಟ್ಯಾಂಕಿನ ನೀರನ್ನು ಒಂದು ಲೀಟರಿನ ಗಾಜಿನ ಅಳತೆ ಜಾಡಿಗೆ ತುಂಬಿ ಅರ್ಧ ಗಂಟೆ ಅಲ್ಲಾಡಿಸದೆ ಇಡುತ್ತಾರೆ. ಕಂದು ಮಡ್ಡಿ ಹತ್ತಿಯ ಚೂರುಗಳ ಹಾಗೆ ಗಂಟುಕಟ್ಟಿ ತಳಕ್ಕೆ ಕೂರುತ್ತದೆ. ಮೇಲೆ ತಿಳಿನೀರು, ವಾಸನೆಯೂ ಅಷ್ಟಿಲ್ಲ. ನೋಡಲು ಹೋದವರು ಇಲ್ಲೇ ಮೋಸಹೋಗುವುದು. ‘ನೋಡಿ ಸರ್, ಎಷ್ಟು ಕ್ಲೀನ್ ಉಂಟು!’ ಹೌದು, ಕ್ಲೀನ್ ಉಂಟು. ಆದರೆ ಆ ತಿಳಿನೀರಲ್ಲಿ ಫಾಸ್ಫರಸ್ ಕರಗಿ ಕೂತಿದೆ. ತೋಟದವರು ರಂಜಕ ಅನ್ನುವುದು ಇದನ್ನೇ. ಸೋಪಿನ ಪುಡಿಯಿಂದ, ನಮ್ಮ ಮಲಮೂತ್ರದಿಂದ ಬಂದದ್ದು. ಬ್ಯಾಕ್ಟೀರಿಯಾ ಅದರಲ್ಲಿ ಸ್ವಲ್ಪ ಮಾತ್ರ ತಿನ್ನುತ್ತವೆ. ಉಳಿದದ್ದನ್ನು ತೆಗೆಯಬೇಕಾದರೆ ಆಲಂ ಅಥವಾ ಕಬ್ಬಿಣದ ಲವಣ ಹಾಕಿ ಕೂರಿಸಬೇಕು. ಇಲ್ಲವೇ ಅದಕ್ಕೆಂದೇ ಟ್ಯಾಂಕನ್ನು ಬೇರೆ ರೀತಿ ಕಟ್ಟಬೇಕು. ಎರಡಕ್ಕೂ ದುಡ್ಡು ಬೇಕು. ಹಾಗಾಗಿ ‘ವಾಸನೆ ಇಲ್ಲ ಅಲ್ವಾ, ಸಾಕು’ ಅನ್ನುವುದು ಜಾಸ್ತಿ.

ತೆಂಗಿಗೆ ಆ ನೀರು ಬಿಡಿ, ಗೊಬ್ಬರ. ಕೆರೆಗೆ ಬಿಡಿ, ಪಾಚಿ. ನಮಗೆ ಇದು ತಲೆಗೆ ಹೋಗದಿರಲು ಒಂದು ಕಾರಣವಿದೆ. ನೇತ್ರಾವತಿಗೆ ಏನು ಬಿಟ್ಟರೂ ಅಳಿವೆಬಾಗಿಲು ದಾಟಿ ಸಮುದ್ರ ಸೇರುತ್ತದೆ ಅನ್ನುವ ಧೈರ್ಯ ನಮ್ಮದು. ಕೆರೆಯಲ್ಲಿ ಹಾಗಲ್ಲ. ಬಂದದ್ದು ಅಲ್ಲೇ ತಳದಲ್ಲಿ ಕೂತು ವರ್ಷಗಟ್ಟಲೆ ಮೇಲೆ ಬರುತ್ತಾ ಇರುತ್ತದೆ.

ಬೆಟ್ಟದ ಮೇಲಿನ ಸರೋವರಗಳ ಕತೆ ಇನ್ನೂ ಸೂಕ್ಷ್ಮ. ಅಮೆರಿಕದ ಟಾಹೋ ಸರೋವರದ ಆಳ 501 ಮೀಟರ್. ಒಳಗಿನ ನೀರು ಪೂರ್ತಿ ಬದಲಾಗಲು ಸುಮಾರು 650 ವರ್ಷ ಬೇಕಂತೆ. ಅದರ ದಕ್ಷಿಣ ದಡದ ಸಣ್ಣ ಊರಿನವರು 1960ರ ದಶಕದಲ್ಲೇ, ಬ್ಯಾಕ್ಟೀರಿಯಾದ ಕೆಲಸ ಮುಗಿದ ಮೇಲೂ ನೀರನ್ನು ಇನ್ನೊಮ್ಮೆ ಸಂಸ್ಕರಿಸುವ ‘ಮೂರನೇ ಹಂತದ’ ಘಟಕ ಕಟ್ಟಿ ರಂಜಕವನ್ನೂ ತೆಗೆದರು. ಅಷ್ಟಾದ ಮೇಲೂ ಆ ನೀರನ್ನು ಸರೋವರಕ್ಕೆ ಬಿಡಲಿಲ್ಲ. 1968ರಿಂದ ಪಂಪ್ ಮಾಡಿ, ಲೂಥರ್ ಪಾಸ್ ಎಂಬ ಕಣಿವೆದಾರಿ ದಾಟಿಸಿ, ಪಕ್ಕದ ಆಲ್ಪೈನ್ ಕೌಂಟಿಗೆ ಕಳಿಸುತ್ತಿದ್ದಾರೆ. ಅಲ್ಲಿ ಅದು ಮೇವಿನ ಹೊಲಗಳಿಗೆ ಹೋಗುತ್ತದೆ. ‘ಯಾವ ಕೆಲಸಕ್ಕೆ?’ ಅಂತ ಕೇಳಿಕೊಂಡವರು ಮಾಡುವ ಕೆಲಸ ಇದು. ಅಂಥ ಊರುಗಳಿಗೆ ಇನ್ನೊಂದು ತಲೆನೋವು ಚಳಿ. ನೀರು 10 ಡಿಗ್ರಿಗಿಂತ ತಣ್ಣಗಾದರೆ ಕೊಳಚೆಯಲ್ಲಿರುವ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ತೂಕಡಿಸುತ್ತವೆ. ನಮ್ಮ ಸೆಕೆಯಲ್ಲಿ ಆ ಚಿಂತೆ ಇಲ್ಲ. ನಮ್ಮ ಚಿಂತೆ ಜುಲೈಯದ್ದು, ಮಳೆನೀರು ಒಳಚರಂಡಿಗೆ ನುಗ್ಗಿ ಮ್ಯಾನ್‌ಹೋಲ್ ಉಕ್ಕುವುದು.

‘ಮಾನದಂಡದ ಪ್ರಕಾರವೇ ಇದೆ’ ಅನ್ನುವ ಮಾತೂ ಬರುತ್ತದೆ. ಅದು ನಿಜವೇ ಇರಬಹುದು. 2017ರ ಕೇಂದ್ರದ ಅಧಿಸೂಚನೆಯಲ್ಲಿ ಬಿಒಡಿ ಉಂಟು, ರಂಜಕ ಇಲ್ಲ. 2019ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ್ದು ಬೇರೆ: ಕೆರೆಕೊಳಗಳಿಗೆ ಬಿಡುವುದಾದರೆ ಒಟ್ಟು ರಂಜಕ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು. ಹಾಗಾಗಿ ಮಣಿಪಾಲದ ಮಣ್ಣಪಳ್ಳ ಕೆರೆಗೋ ಮಂಗಳೂರಿನ ಗುಜ್ಜರಕೆರೆಗೋ ‘ಶುದ್ಧ ನೀರು’ ಬಿಡುತ್ತೇವೆ ಅಂತ ಯಾರಾದರೂ ಹೊರಟರೆ, ಬಿಒಡಿ ವರದಿ ನೋಡಿ ಸುಮ್ನೆ ಬರಬೇಡಿ. ರಂಜಕ ಎಷ್ಟು ಅಂತ ಕೇಳಿ.