ಒಂದೇ ರಕ್ತ, ಹಲವು ಲ್ಯಾಬ್

ಇವತ್ತು ಸ್ನಾನ ಮಾಡಿ ತಲೆ ಬಾಚಿಕೊಂಡಿದ್ದಕ್ಕೆ ನಾಳೆ ಹಾಸಿಗೆಯಿಂದ ಏಳಲಾಗದಂತೆ ಮಲಗಬೇಕಾಗುತ್ತದೆ ಅಂದರೆ ಅದನ್ನು ಸುಸ್ತು ಅಂತ ಕರೆದರೆ ಸಾಲುವುದಿಲ್ಲ. ಮಯಾಲ್ಜಿಕ್ ಎನ್ಸೆಫಲೋಮೈಲೈಟಿಸ್, ಚಿಕ್ಕದಾಗಿ ಎಂಇ ಎನ್ನುವ ಕಾಯಿಲೆ ಇರುವವರ ಪಾಡು ಇದೇ. ಶ್ರಮದ ಏಟು ಆಗಿಂದಾಗಲೇ ಬೀಳುವುದಿಲ್ಲ. ಹಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನ ಕಳೆದು ಬೀಳುತ್ತದೆ. ಮೈಕೈ ನೋವು, ತಲೆಗೆ ಮಂಕು, ಎಷ್ಟು ನಿದ್ದೆ ಮಾಡಿದರೂ ಆರದ ದಣಿವು. ತುಂಬಾ ಜನರಿಗೆ ಇದು ಯಾವುದೋ ಒಂದು ಜ್ವರದಿಂದ ಶುರುವಾಗುತ್ತದೆ. ಜ್ವರ ಬಿಡುತ್ತದೆ, ಹಳೆಯ ಆರೋಗ್ಯ ಮಾತ್ರ ವಾಪಸು ಬರುವುದಿಲ್ಲ. ನಾಲ್ವರಲ್ಲಿ ಒಬ್ಬರಿಗಾದರೂ ಯಾವುದಾದರೊಂದು ಹಂತದಲ್ಲಿ ಮನೆಯೇ, ಇಲ್ಲವೇ ಹಾಸಿಗೆಯೇ ಪ್ರಪಂಚವಾಗಿಬಿಡುತ್ತದೆ. ಕಾಯಿಲೆಯನ್ನು ಖಚಿತಪಡಿಸುವ ರಕ್ತಪರೀಕ್ಷೆ ಇನ್ನೂ ಬಂದಿಲ್ಲ.

1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸಿಬ್ಬಂದಿಯಲ್ಲಿ 292 ಮಂದಿ ಒಬ್ಬರ ಹಿಂದೆ ಒಬ್ಬರು ಕಾಯಿಲೆ ಬಿದ್ದರು. ಆಸ್ಪತ್ರೆಯನ್ನೇ ಕೆಲವು ತಿಂಗಳು ಮುಚ್ಚಬೇಕಾಯಿತು. ಎಂಇ ಎನ್ನುವ ಹೆಸರು ಹುಟ್ಟಿದ್ದು ಆ ಘಟನೆಯಿಂದಲೇ. 1970ರಲ್ಲಿ ಇಬ್ಬರು ಮನೋವೈದ್ಯರು ಹಳೆಯ ಕಡತಗಳನ್ನು ಓದಿ, ಆ ರೋಗಿಗಳಲ್ಲಿ ಒಬ್ಬರನ್ನೂ ಪರೀಕ್ಷಿಸದೆ, ಇದು ಸಾಮೂಹಿಕ ಉನ್ಮಾದ ಎಂದು ಬರೆದರು. ಆ ಮಾತು ದಶಕಗಳ ಕಾಲ ರೋಗಿಗಳ ಬೆನ್ನು ಬಿಡಲಿಲ್ಲ. ಸಂಶೋಧನೆಗೆ ಹಣವೂ ಬರಲಿಲ್ಲ. ಅಲ್ಲೊಂದು ಇಲ್ಲೊಂದು ಸಣ್ಣ ಲ್ಯಾಬ್, ಹತ್ತಿಪ್ಪತ್ತು ರೋಗಿಗಳು, ಅಷ್ಟೇ.

ಇನ್ನೊಂದು ತೊಡಕೂ ಇತ್ತು. ಈ ಕಾಯಿಲೆಯ 1994ರ ವ್ಯಾಖ್ಯೆಯಲ್ಲಿ, ಶ್ರಮದ ನಂತರದ ಈ ಕುಸಿತ ಇರಲೇಬೇಕು ಎನ್ನುವ ನಿಯಮ ಇರಲಿಲ್ಲ. ಹಾಗಾಗಿ ಬೇರೆ ಬೇರೆ ಕಾರಣಕ್ಕೆ ದಣಿದವರೆಲ್ಲ ಒಂದೇ ಗುಂಪಿಗೆ ಸೇರಿಬಿಡುತ್ತಿದ್ದರು. ಒಂದು ಲ್ಯಾಬಿನ ರೋಗಿಗಳೇ ಬೇರೆ, ಇನ್ನೊಂದು ಲ್ಯಾಬಿನ ರೋಗಿಗಳೇ ಬೇರೆ ಆದರೆ ಫಲಿತಾಂಶ ಹೋಲಿಸಿ ಏನು ಬಂತು, ಅಲ್ವಾ? 2011ರಲ್ಲಿ 13 ದೇಶಗಳ 26 ಮಂದಿ ಸೇರಿ ಹೊಸ ಮಾನದಂಡ ಬರೆದಾಗ ಆ ಕುಸಿತವನ್ನೇ ಕಡ್ಡಾಯ ಲಕ್ಷಣ ಮಾಡಿದರು. ಸುಮ್ನೆ ಕಾಗದದ ಕೆಲಸದಂತೆ ಕಾಣಬಹುದು. ನನಗೆ ಮಾತ್ರ ದೇಶಗಳ ನಡುವಿನ ಸಹಕಾರದಲ್ಲಿ ತುಂಬ ಬೆಲೆಬಾಳುವ ಕೆಲಸಗಳಲ್ಲಿ ಇದೂ ಒಂದು ಅನಿಸುತ್ತದೆ.

ಸಹಕಾರ ಯಾಕೆ ಬೇಕು ಅನ್ನುವುದನ್ನು ಎಕ್ಸ್‌ಎಂಆರ್‌ವಿ ವೈರಸ್ಸಿನ ಕಥೆಯಷ್ಟು ಚೆನ್ನಾಗಿ ಇನ್ಯಾವುದೂ ಹೇಳುವುದಿಲ್ಲ. 2009ರಲ್ಲಿ ಅಮೆರಿಕದ ಒಂದು ತಂಡ 101 ರೋಗಿಗಳಲ್ಲಿ 68 ಮಂದಿಯ ರಕ್ತದಲ್ಲಿ ಈ ವೈರಸ್ ಸಿಕ್ಕಿತು ಎಂದು ಪ್ರಕಟಿಸಿತು. ಆರೋಗ್ಯವಂತ 218 ಜನರಲ್ಲಿ ಸಿಕ್ಕಿದ್ದು 8 ಮಂದಿಯಲ್ಲಿ ಮಾತ್ರ. ಕೊನೆಗೂ ಕಾರಣ ಗೊತ್ತಾಯಿತು ಎಂದು ರೋಗಿಗಳು ಅತ್ತೇಬಿಟ್ಟರು. ಆದರೆ ಬ್ರಿಟನ್ನಿನಲ್ಲಿ ಹುಡುಕಿದವರಿಗೆ ಅದು ಸಿಗಲಿಲ್ಲ. ನೆದರ್‌ಲೆಂಡ್ಸ್‌ನಲ್ಲೂ ಸಿಗಲಿಲ್ಲ. ಕೊನೆಗೆ ತಿಳಿದದ್ದು ಏನೆಂದರೆ, ಆ ವೈರಸ್ ಹುಟ್ಟಿದ್ದೇ ಲ್ಯಾಬಿನಲ್ಲಿ. ಮನುಷ್ಯನ ಗಡ್ಡೆಯ ಕೋಶಗಳನ್ನು ಇಲಿಗಳ ಮೈಯಲ್ಲಿ ಬೆಳೆಸುವಾಗ ಇಲಿಯ ಎರಡು ವೈರಸ್ಸುಗಳು ಬೆರೆತು ಇದು ಆಗಿತ್ತು. ಪರೀಕ್ಷೆಯಲ್ಲಿ ಕಂಡದ್ದು ರೋಗಿಗಳ ರಕ್ತದ್ದಲ್ಲ, ಲ್ಯಾಬಿನ ಸಾಮಗ್ರಿಗೆ ಬೆರೆತುಹೋಗಿದ್ದ ವೈರಸ್. 2011ರ ಕೊನೆಗೆ ಪ್ರಬಂಧವನ್ನು ಹಿಂದಕ್ಕೆ ಪಡೆಯಲಾಯಿತು. 2012ರಲ್ಲಿ 147 ರೋಗಿಗಳ ಮತ್ತು 146 ಆರೋಗ್ಯವಂತರ ರಕ್ತವನ್ನು, ಯಾವುದು ಯಾರದು ಎಂದು ಹೇಳದೆ, ಹಲವು ಲ್ಯಾಬ್‌ಗಳಿಗೆ ಕೊಟ್ಟರು. ಮೊದಲು ವೈರಸ್ ಕಂಡಿದೆ ಎಂದವರೂ ಈ ಪರೀಕ್ಷೆಗೆ ಬಂದರು. ಅವರಿಗೂ ಸಿಗಲಿಲ್ಲ. ಸಿಗಲಿಲ್ಲ ಎಂದು ಅವರೇ ಒಪ್ಪಿಕೊಂಡರು. ನನಗೆ ಈ ಕಥೆಯಲ್ಲಿ ಗೌರವ ಮೂಡಿಸುವ ಭಾಗ ಅದು.

ನಾರ್ವೆಯ ಬರ್ಗನ್‌ನಲ್ಲೂ ಹೀಗೇ ಆಯಿತು. ಅಲ್ಲಿನ ಕ್ಯಾನ್ಸರ್ ವೈದ್ಯರು ರಿಟುಕ್ಸಿಮ್ಯಾಬ್ ಕೊಟ್ಟು ನೋಡಿದರು. ರಕ್ತದ ಒಂದು ಬಗೆಯ ರೋಗನಿರೋಧಕ ಕೋಶಗಳನ್ನು ನಾಶ ಮಾಡುವ ಔಷಧಿ ಅದು. 2011ರ ಸಣ್ಣ ಪರೀಕ್ಷೆಯಲ್ಲಿ ಔಷಧಿ ಪಡೆದ 15 ಮಂದಿಯಲ್ಲಿ 10 ಮಂದಿ ಸುಧಾರಿಸಿದರು. ಹುಸಿ ಔಷಧಿ ಪಡೆದ 15 ಮಂದಿಯಲ್ಲಿ 2 ಮಂದಿ. ಆಸೆ ಹುಟ್ಟದೆ ಇರುತ್ತದೆಯೇ? ಅದೇ ತಂಡ 151 ರೋಗಿಗಳ ಮೇಲೆ ಮತ್ತೆ ಮಾಡಿದಾಗ ಎರಡು ಗುಂಪುಗಳ ನಡುವೆ ವ್ಯತ್ಯಾಸ ಉಳಿಯಲಿಲ್ಲ. 2019ರಲ್ಲಿ ಅದನ್ನು ಮುಚ್ಚಿಡದೆ ಪ್ರಕಟಿಸಿದರು. ಆ ಪರೀಕ್ಷೆಗಳಲ್ಲಿ ಭಾಗವಹಿಸಿದ ಕೆಲವರ ರಕ್ತದ ಮಾದರಿಗಳು ಬರ್ಲಿನ್ನಿನ ಶಾರಿಟೆ ಆಸ್ಪತ್ರೆಗೂ ಹೋಗಿದ್ದವು. ಅಲ್ಲಿ ಕಾರ್ಮೆನ್ ಶೈಬೆನ್‌ಬೋಗೆನ್ ತಂಡ, ದೇಹ ತನ್ನ ಮೇಲೇ ತಯಾರಿಸುವ ಪ್ರತಿಕಾಯಗಳಿವೆಯೇ ಎಂದು ಅವುಗಳಲ್ಲಿ ಹುಡುಕಿತು.

ಹೀಗೆ ಮಾದರಿಗಳು ಗಡಿ ದಾಟಬೇಕಾದರೆ ಅವನ್ನು ಮೊದಲೇ ಕೂಡಿಟ್ಟಿರಬೇಕು. ಬ್ರಿಟನ್ನಿನ ಎಂಇ ಬಯೋಬ್ಯಾಂಕ್ 2011ರಿಂದ ಆ ಕೆಲಸ ಮಾಡುತ್ತಿದೆ. ಆಸ್ಪತ್ರೆಗೆ ಬರಲಾಗದ ರೋಗಿಗಳ ಮನೆಗೇ ಹೋಗಿ ರಕ್ತ ತರುತ್ತಾರೆ. ಕೋಣೆಯಲ್ಲಿ ದೀಪ ಹಾಕಿದರೂ ತಡೆಯಲಾರದವರ ಹತ್ತಿರ, ಮೆಲ್ಲಗೆ ಮಾತಾಡಿ, ಬೇಗ ಕೆಲಸ ಮುಗಿಸಬೇಕು. ಇವರನ್ನು ಬಿಟ್ಟು ಮಾಡಿದ ಸಂಶೋಧನೆ ಕಾಯಿಲೆಯ ಹಗುರ ಮುಖವನ್ನಷ್ಟೇ ನೋಡಿದಂತೆ. ಆ ಮಾದರಿಗಳು ಬೇರೆ ದೇಶಗಳ ಸಂಶೋಧಕರಿಗೂ ಹೋಗುತ್ತವೆ. ಅವನ್ನು ಹೆಪ್ಪುಗಟ್ಟಿಸಿ ಇಟ್ಟಿರುವ ಜಾಗ ಯಾವುದು ಗೊತ್ತೇ? ಅದೇ ರಾಯಲ್ ಫ್ರೀ.

ಎಡಿನ್‌ಬರೋದ ಡಿಕೋಡ್‌ಎಂಇ ತಂಡ ಇನ್ನೂ ಸುಲಭದ ದಾರಿ ಹಿಡಿಯಿತು. ಅಂಚೆಯಲ್ಲಿ ಒಂದು ಚಿಕ್ಕ ಕೊಳವೆ ಬರುತ್ತಿತ್ತು. ಅದಕ್ಕೆ ಜೊಲ್ಲು ಉಗುಳಿ, ಮುಚ್ಚಿ, ವಾಪಸು ಕಳಿಸಿದರೆ ಮುಗಿಯುತ್ತಿತ್ತು. ಹಾಸಿಗೆ ಬಿಟ್ಟು ಏಳಬೇಕಾಗಿರಲಿಲ್ಲ. ಆ ಜೊಲ್ಲಿನಲ್ಲಿ ಡಿಎನ್‌ಎ ಇರುತ್ತದೆ. ಡಿಎನ್‌ಎಯ ಲಕ್ಷಾಂತರ ಜಾಗಗಳಲ್ಲಿ ರೋಗಿಗಳಿಗೂ ಉಳಿದವರಿಗೂ ಇರುವ ವ್ಯತ್ಯಾಸ ಕೂದಲೆಳೆಯಷ್ಟು. ಗುಂಪು ತುಂಬಾ ದೊಡ್ಡದಿದ್ದರೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. 2025ರ ಆಗಸ್ಟ್‌ನಲ್ಲಿ ಬಂದ ಪ್ರಾಥಮಿಕ ಫಲಿತಾಂಶದಲ್ಲಿ 15,579 ರೋಗಿಗಳನ್ನು 2,59,909 ಜನರ ಜೊತೆ ಹೋಲಿಸಿದ್ದರು. ಎಂಟು ಜಾಗಗಳಲ್ಲಿ ವ್ಯತ್ಯಾಸ ಕಂಡಿತು. ಅಲ್ಲಿನ ಜೀನುಗಳಲ್ಲಿ ಹಲವು ರೋಗನಿರೋಧಕ ಶಕ್ತಿಗೆ, ನರಮಂಡಲಕ್ಕೆ ಸಂಬಂಧಪಟ್ಟವು. ಖಿನ್ನತೆಯ ಅಥವಾ ಆತಂಕದ ಜೊತೆ ನಂಟಿರುವ ಜಾಗ ಅವುಗಳಲ್ಲಿ ಕಾಣಲಿಲ್ಲ. 1970ರ ಆ ಬರಹವನ್ನು ಹೊತ್ತು ಬದುಕಿದವರು ಇದನ್ನು ಓದಿದಾಗ ಹೇಗನಿಸಿರಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ.

ಕೆಲಸ ಇನ್ನೂ ಅರ್ಧವೂ ಆಗಿಲ್ಲ. ಬ್ರಿಟನ್ನಿನ ಮತ್ತು ನೆದರ್‌ಲೆಂಡ್ಸ್‌ನ ಬೇರೆ ಎರಡು ದೊಡ್ಡ ಸಂಗ್ರಹಗಳಲ್ಲಿ ಹುಡುಕಿದಾಗ ಈ ಎಂಟು ಜಾಗಗಳು ಮತ್ತೆ ಕಾಣಿಸಲಿಲ್ಲ. ಆ ಸಂಗ್ರಹಗಳಲ್ಲಿ ರೋಗಿಗಳನ್ನು ಇಷ್ಟು ಬಿಗಿಯಾಗಿ ಆರಿಸಿರಲಿಲ್ಲ. ಜೊತೆಗೆ ಈಗ ಲೆಕ್ಕ ಹಾಕಿರುವುದು ಯುರೋಪಿಯನ್ ಮೂಲದವರ ಡಿಎನ್‌ಎ ಮಾತ್ರ. ಏಷ್ಯಾದ, ಆಫ್ರಿಕಾದ ರೋಗಿಗಳಲ್ಲೂ ಇದೇ ಜಾಗಗಳು ಮಿನುಗುತ್ತವೆಯೇ? ತಿಳಿಯಬೇಕಾದರೆ ಆ ಚಿಕ್ಕ ಕೊಳವೆ ಇನ್ನಷ್ಟು ದೇಶಗಳ ಮನೆಬಾಗಿಲಿಗೆ ಹೋಗಬೇಕು, ರೋಗಿಗಳನ್ನು ಆರಿಸುವ ಅದೇ ಪ್ರಶ್ನೆಗಳ ಪಟ್ಟಿಯ ಜೊತೆಗೆ.