ಡೀಸೆಲ್ ಮೇಲಿನ ಇಂಗಾಲದ ತೆರಿಗೆ ಯಾರ ಪಾಲಿನಿಂದ ಹೋಗುತ್ತದೆ?

ಕಾರವಾರದ ಬೈತಖೋಲ್ ಬಂದರಿನ ಕೆಲವು ಟ್ರಾಲರ್ ಬೋಟುಗಳ ಲೆಕ್ಕಪತ್ರವನ್ನು ನಾನು ಹಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಇಂಗಾಲದ ಹೊರಸೂಸುವಿಕೆಗೆ ಬೆಲೆ ಕಟ್ಟಿದರೆ ಅದರ ಭಾರ ಕೊನೆಗೆ ಯಾರ ಹೆಗಲಿಗೇರುತ್ತದೆ ಎಂಬುದನ್ನು ಆ ಪುಸ್ತಕಗಳಲ್ಲಿ ಸ್ಪಷ್ಟವಾಗಿ ಕಾಣಬಹುದು.

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಟನ್ನಿಗೆ 1,000 ರೂಪಾಯಿ ತೆರಿಗೆ ಎಂದಿಟ್ಟುಕೊಂಡರೆ, ಒಂದು ಟ್ರಿಪ್ಪಿಗೆ 3,000 ಲೀಟರ್ ಸುಡುವ ಬೋಟಿಗೆ 8,040 ರೂಪಾಯಿ ಹೆಚ್ಚುವರಿ ಖರ್ಚು ಬೀಳುತ್ತದೆ. ಮೀನಿನ ದರ ಹರಾಜಿನಲ್ಲಿ ನಿಗದಿಯಾಗುವುದರಿಂದ ಅದನ್ನು ಗಿರಾಕಿಯಿಂದ ವಸೂಲು ಮಾಡುವುದು ಸುಲಭವಲ್ಲ. ಡೀಸೆಲ್, ಐಸ್, ರೇಷನ್ನಿನ ಖರ್ಚು ಕಳೆದು ಉಳಿದದ್ದನ್ನು ಪಾಲು ಹಾಕುವ ಬೋಟಿನಲ್ಲಿ ತಾಂಡೇಲ (ಬೋಟು ನಡೆಸುವವ) ಮತ್ತು ಖಲಾಸಿಗಳ (ಬೋಟಿನ ಕೆಲಸಗಾರರ) ಪಾಲು ಶೇ. 40 ಎಂದಾದರೆ, 3,216 ರೂಪಾಯಿ ಅವರ ಕೈಯಿಂದ ಹೋಗುತ್ತದೆ. ಹಳೆಯ ಎಂಜಿನ್ ಬದಲಿಸುವ ತೀರ್ಮಾನ ಮಾತ್ರ ಮಾಲೀಕರದು.

ಹಾಗೆಂದು ತೆರಿಗೆಯೇ ತಪ್ಪು ಎಂದು ನಾನು ಹೇಳಲಾರೆ. ಒಬ್ಬರ ವ್ಯವಹಾರದಿಂದ ಮತ್ತೊಬ್ಬರಿಗಾಗುವ ಹಾನಿ ಬೆಲೆಯಲ್ಲಿ ಸೇರಬೇಕೆಂದು ಅರ್ಥಶಾಸ್ತ್ರಜ್ಞ ಆರ್ಥರ್ ಪಿಗೂ 1920ರಲ್ಲೇ ವಾದಿಸಿದ್ದರು, ಮತ್ತು ಕಡಲು ಬಿಸಿಯಾದರೆ ಮೊದಲು ನಷ್ಟ ಅನುಭವಿಸುವವರು ಇದೇ ಖಲಾಸಿಗಳು. ನನ್ನ ಕಾಳಜಿ ಇರುವುದು ವಸೂಲಾದ ಹಣ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ. ನಮ್ಮ ದೇಶದಲ್ಲಿ 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿಯಂತೆ ಆರಂಭವಾದ ಸೆಸ್ 2016ರ ಹೊತ್ತಿಗೆ 400 ರೂಪಾಯಿಗೆ ಏರಿತು. 2017ರಲ್ಲಿ ಅದರ ಜಾಗಕ್ಕೆ ಬಂದ ಸೆಸ್, ಜಿಎಸ್‌ಟಿಯಿಂದ ರಾಜ್ಯಗಳಿಗಾಗುವ ನಷ್ಟ ತುಂಬಿಕೊಡುವುದಕ್ಕೆ ಮೀಸಲಾಯಿತು. ಕೆನಡಾ ಬಹುಪಾಲು ಹಣವನ್ನು ಕುಟುಂಬಗಳಿಗೆ ಮರಳಿಸುತ್ತಿದ್ದರೂ ಜನರ ವಿರೋಧದಿಂದಾಗಿ 2025ರಲ್ಲಿ ಗ್ರಾಹಕರ ಇಂಧನದ ಮೇಲಿನ ಶುಲ್ಕವನ್ನು ಕೈಬಿಟ್ಟಿತು. ಬಂಕಿನ ದರ ಎಲ್ಲರ ಕಣ್ಣಿಗೂ ಬೀಳುತ್ತದೆ, ಖಾತೆಗೆ ಬಂದ ಹಣ ಅಷ್ಟಾಗಿ ನೆನಪಿನಲ್ಲಿ ಉಳಿಯುವುದಿಲ್ಲ.

ಮೀನುಗಾರರಿಗೆ ವಿನಾಯಿತಿ ಕೊಟ್ಟರಾಯಿತು ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ವಿನಾಯಿತಿ ಹೆಚ್ಚು ಡೀಸೆಲ್ ಸುಡುವವರಿಗೇ ಹೆಚ್ಚು ಲಾಭ ತರುತ್ತದೆ. ತಲೆಗಿಷ್ಟು ಎಂದು ಸಮನಾಗಿ ಹಣ ಮರಳಿಸಿದರೆ ಖಲಾಸಿಯ ಕೈಗೂ ಅದು ಸಿಗುತ್ತದೆ, ಉಳಿಸಿದ ಪ್ರತಿ ಲೀಟರಿಗೆ 2 ರೂಪಾಯಿ 68 ಪೈಸೆಯ ಉಳಿತಾಯವೂ ಹಾಗೆಯೇ ಇರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ಆ ಹಣ ಜೂನ್ ಮೊದಲ ವಾರದಲ್ಲೇ, ಒಡಿಶಾದಿಂದ ಬಂದು ದುಡಿಯುವವರೂ ಸೇರಿದಂತೆ, ಖಲಾಸಿಗಳ ಸ್ವಂತ ಖಾತೆಗೆ ಜಮೆಯಾಗಬೇಕು.